ಗಾಜಿನ ಅಂಚಿನಲ್ಲಿ ಕೈಗುಣ

ಬೆಂಗಳೂರಿನ ಟೌನ್‌ಹಾಲ್ ಬಿಟ್ಟು ಮಿನರ್ವ ಸರ್ಕಲ್ ಕಡೆಗೆ ಹೊರಟರೆ ಜೆ.ಸಿ. ರಸ್ತೆಯುದ್ದಕ್ಕೂ ಕಾರಿನ ಸಾಮಾನಿನದೇ ಸಂತೆ. ಸೀಟ್ ಕವರ್, ಹಾರ್ನ್, ಮ್ಯಾಟು, ಸ್ಟೀರಿಯೊ, ಅಲಾಯ್ ವ್ಹೀಲು. ಹತ್ತು ಗಂಟೆ ದಾಟುತ್ತಿದ್ದಂತೆ ಶಟರ್‌ಗಳು ಒಂದೊಂದಾಗಿ ಮೇಲೇಳುತ್ತವೆ. ಹುಡುಗರು ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ನಿಧಾನವಾದ ಪ್ರತಿ ಕಾರಿನತ್ತಲೂ ಕೈ ಬೀಸುತ್ತಾರೆ. "ಏನ್ ಬೇಕು ಸಾರ್? ಸನ್ ಫಿಲ್ಮಾ? ಸೀಟ್ ಕವರಾ?" ರಸ್ತೆಯ ಧೂಳು, ಹೊಗೆ, ಬಸ್ಸಿನ ಬ್ರೇಕಿನ ಕೀರಲು ಸದ್ದು ಯಾವುದೂ ಒಳಗೆ ಬರದಂತೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಒಂದು ಶೆಡ್ಡು ಅಂಗಡಿಯೊಂದರ ಹಿಂಬದಿಗಿದೆ. ನೆಲ ಒದ್ದೆ. ಗೋಡೆಗೆ ಉದ್ದುದ್ದ ನಿಲ್ಲಿಸಿದ ಟ್ಯೂಬ್‌ಲೈಟುಗಳು. ಅವುಗಳ ನಡುವೆ ಬಿಳಿ ಕಾರು. ನಂಬರ್ ಪ್ಲೇಟಿನಲ್ಲಿ ಕೆಎ 36, ಅಂದರೆ ರಾಯಚೂರಿನ ಗಾಡಿ.

ಕಾರಿನ ಹಿಂದಿನ ಗಾಜು ನೇರಳೆ ಬಣ್ಣಕ್ಕೆ ತಿರುಗಿದೆ. ಮೇಲಿನ ಎಡ ಮೂಲೆಯಲ್ಲಿ ಫಿಲ್ಮು ಎದ್ದು ಸುರುಳಿ ಸುತ್ತಿಕೊಂಡಿದೆ. ನಡುಭಾಗದಲ್ಲಿ ರೂಪಾಯಿ ಅಗಲದ ಗುಳ್ಳೆಗಳು. ಮಾಲೀಕರು ಮಗಳ ಕಾಲೇಜಿನ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ಬಂದ ದಾರಿಯಲ್ಲೇ ಇದನ್ನೂ ಮುಗಿಸಿಕೊಂಡು ಹೋಗುವ ಯೋಚನೆ ಅವರದು. "ಹಾಕಿಸಿದಾಗ ಕರ್ರಗ ಚಂದ ಕಾಣಸ್ತಿತ್ರಿ. ಈಗ ರಾತ್ರಿ ಹಿಂದಿನ ಗಾಡಿ ಲೈಟು ಬಿದ್ರ ಒಂದಕ್ಕ ನಾಕು ಕಾಣ್ತಾವ. ತೆಗಸೂಣ ಅಂದ್ರ ನಮ್ಮ ಕಡೆ ಬಿಸಿಲು ಕೇಳಬ್ಯಾಡ್ರಿ, ಏಪ್ರಿಲ್‌ದಾಗ ಒಳಗ ಕೂಡಾಕ ಆಗಂಗಿಲ್ಲ."

ಫಿಟ್ಟರ್‌ಗೆ ಐವತ್ತರ ಆಸುಪಾಸು. ಮೊಣಕೈವರೆಗೆ ಮಡಚಿದ ಶರ್ಟು, ಕೂದಲು ಉದುರದಂತೆ ತಲೆಗೆ ಬಿಗಿಯಾದ ಟೋಪಿ. ಅವರು ಗಾಜಿನ ಮೇಲೆ ಬೆರಳಾಡಿಸಿ ನಡುವಿನ ಒಂದು ಅಡ್ಡಗೆರೆಯ ಹತ್ತಿರ ನಿಲ್ಲಿಸುತ್ತಾರೆ. "ಇದು ಎರಡು ಪೀಸ್ ಸಾರ್. ಬಾಗಿದ ಗಾಜಿಗೆ ಒಂದೇ ಪೀಸ್ ಕೂರಿಸೋಕೆ ಆಗದೆ ಜಾಯಿಂಟ್ ಹಾಕಿದಾರೆ."

ಕೆಲಸ ಕೆಟ್ಟರೆ ಹೇಗಿರುತ್ತದೆಂದು ಕಲಿಯಲು ಇಂಥ ಹಳೆಯ ಗಾಜೇ ಒಳ್ಳೆಯ ಪಾಠ. ನೇರಳೆ ಬಣ್ಣ ಮಾಲಿನ ದೋಷ: ಅಗ್ಗದ ಫಿಲ್ಮಿಗೆ ಕಪ್ಪು ಬರುವುದು ಹಾಕಿದ ಬಣ್ಣದಿಂದ, ಬಿಸಿಲಿಗೆ ಆ ಬಣ್ಣ ಸಮನಾಗಿ ಮಾಸದೆ ನೇರಳೆ ಛಾಯೆ ಉಳಿಯುತ್ತದೆ. ದೊಡ್ಡ ಗುಳ್ಳೆಗಳೂ ಹೆಚ್ಚಾಗಿ ಅಂಟು ಸೋತದ್ದರ ಗುರುತು. ಆದರೆ ನಡುವಿನ ಜಾಯಿಂಟು, ಕೆಳ ಅಂಚಿನ ಸುಕ್ಕು, ಎದ್ದ ಮೂಲೆ ಇವೆಲ್ಲ ಕೈಯ ದೋಷ. ಮಾಲಿನ ದೋಷ ವರ್ಷಗಳು ಕಳೆದ ಮೇಲೆ ಹೊರಬೀಳುತ್ತದೆ. ಕೈಯ ದೋಷ ಮಾತ್ರ ಗಾಡಿ ಶೆಡ್ಡಿನಿಂದ ಆಚೆ ಬಂದ ದಿನವೇ ಗಾಜಿನ ಮೇಲಿರುತ್ತದೆ. ಅವತ್ತು ಯಾರೂ ಬಗ್ಗಿ ನೋಡಿರುವುದಿಲ್ಲ, ಅಷ್ಟೇ. ಹಣ ಕೊಡುವ ಮೊದಲು ಹತ್ತು ನಿಮಿಷ ಬಗ್ಗಿ ನೋಡುವುದು ಗ್ರಾಹಕನ ಹಕ್ಕು. ಒಳ್ಳೆಯ ಫಿಟ್ಟರ್‌ಗೆ ಅದರಿಂದ ಸಂತೋಷವೇ ಆಗುತ್ತದೆಂದು ನಾನು ನಂಬಿದ್ದೇನೆ. ಏಕೆಂದರೆ ಈ ಕಸುಬಿನಲ್ಲಿ ಕೆಲಸ ಚೆನ್ನಾದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ. ನೋಡಬಲ್ಲವರು ಬಂದರೇ ಅವರ ಶ್ರಮಕ್ಕೆ ಬೆಲೆ.

ಹಳೆ ಫಿಲ್ಮು ತೆಗೆಯುವುದೇ ಒಂದು ಕೆಲಸ. ಹಿಂದಿನ ಗಾಜಿನ ಒಳಮೈಗೆ ಡಿಫಾಗರಿನ ತೆಳು ಗೆರೆಗಳು ಅಂಟಿಕೊಂಡಿರುತ್ತವೆ. ಬ್ಲೇಡು ಅಡ್ಡ ಓಡಿದರೆ ಗೆರೆ ತುಂಡಾಗಿ, ಮಳೆಗಾಲದಲ್ಲಿ ಮಂಜು ಕಟ್ಟಿದ ಗಾಜು ಅಲ್ಲಲ್ಲಿ ತಿಳಿಯಾಗದೆ ಉಳಿಯುತ್ತದೆ. ಫಿಟ್ಟರ್ ಮೊದಲು ಡಿಫಾಗರ್ ಹಾಕಿ ಗಾಜಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಗೆರೆ ಬಿಸಿಯಾದದ್ದನ್ನು ಮಾಲೀಕರಿಂದಲೂ ಮುಟ್ಟಿಸುತ್ತಾರೆ. ಮೊದಲೇ ಕೆಟ್ಟಿತ್ತೋ ಆಮೇಲೆ ಕೆಟ್ಟಿತೋ ಎಂಬ ಜಗಳ ಮುಂದೆ ಬರಬಾರದು. ನಂತರ ಹಬೆ ಯಂತ್ರ. ಬಿಸಿ ಹಬೆಗೆ ಅಂಟು ಸಡಿಲವಾಗಿ, ನೇರಳೆ ಫಿಲ್ಮು ಡಿಫಾಗರ್ ಗೆರೆಗಳ ಗುಂಟವೇ ನಿಧಾನವಾಗಿ ಎದ್ದು ಬರುತ್ತದೆ. ಗಡಿಬಿಡಿಯಿಲ್ಲ. ಉಳಿದ ಅಂಟಿಗೆ ಸೋಪುನೀರು, ಪ್ಲಾಸ್ಟಿಕ್ ಉಜ್ಜುಪಟ್ಟಿ. ಬ್ಲೇಡು ಡಬ್ಬಿಯಲ್ಲೇ ಇದೆ.

ಅಷ್ಟರಲ್ಲಿ ಕೌಂಟರಿನ ಬಳಿ ಮಾತು ಕಾನೂನಿಗೆ ತಿರುಗಿದೆ. ಕರ್ರಗೆ ಬೇಕೆಂಬ ಆಸೆ ಮಾಲೀಕರಿಗೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಅಂಗಡಿಯವರು ತಲೆಯಾಡಿಸುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳು ಕನಿಷ್ಠ ಶೇ 50ರಷ್ಟು ಬೆಳಕನ್ನು ಒಳಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ, ಎಷ್ಟೇ ತಿಳಿಯಾಗಿದ್ದರೂ ಸರಿ, ಗಾಜಿಗೆ ಫಿಲ್ಮು ಅಂಟಿಸುವಂತಿಲ್ಲ ಎಂದಿತು. ಆ ವರ್ಷ ಮೇ 4ರ ನಂತರ ಊರೂರಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಕಪ್ಪು ಫಿಲ್ಮು ಕಿತ್ತದ್ದು ಎಷ್ಟೋ ಜನಕ್ಕೆ ನೆನಪಿರಬಹುದು. ಮುಂದೆ ನಿಯಮವೇ ತಿದ್ದುಪಡಿಯಾಯಿತು. 2021ರ ಏಪ್ರಿಲ್ 1ರಿಂದ, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸುರಕ್ಷಾ ಗಾಜಿಗೂ ಅದರಲ್ಲಿ ಜಾಗ ಸಿಕ್ಕಿತು. ಅದು ಐಎಸ್ 2553ರ ಮಾನದಂಡಕ್ಕೆ ಹೊಂದಬೇಕು, ಬೆಳಕಿನ ಪ್ರಮಾಣ ಮಾತ್ರ ಹಿಂದಿನದೇ. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಈ ತಿದ್ದುಪಡಿಯನ್ನೇ ಆಧಾರವಾಗಿಟ್ಟುಕೊಂಡು, ಪ್ರಮಾಣ ಮೀರದ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ಹೇಳಿತು. ಹಾಗಾಗಿ ಫಿಲ್ಮು ಹಾಕಿಸುವವರು ತಯಾರಕರ ಪ್ರಮಾಣಪತ್ರ, ಬಿಲ್ಲು ಎರಡನ್ನೂ ಗಾಡಿಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ರಸ್ತೆಯಲ್ಲಿ ನಿಲ್ಲಿಸಿದಾಗ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ.

ಇಲ್ಲೊಂದು ಲೆಕ್ಕ ತಪ್ಪುವವರು ಬಹಳ. ಫಿಲ್ಮಿನ ಮೇಲೆ 70 ಎಂದಿದ್ದರೆ ಗಾಜಿಗೆ ಹಾಕಿದ ಮೇಲೂ 70 ಇರುತ್ತದೆಂದು ಭಾವಿಸುತ್ತಾರೆ. ಫಿಟ್ಟರ್ ಮುಂಬಾಗಿಲಿನ ಗಾಜನ್ನು ಅರ್ಧ ಇಳಿಸಿ, ಅಂಗೈಯಲ್ಲಿ ಹಿಡಿಸುವ ಮೀಟರಿನ ಸೀಳನ್ನು ಗಾಜಿನ ಅಂಚಿಗೆ ತೊಡಿಸುತ್ತಾರೆ. ಏನೂ ಹಾಕದ ಬರಿ ಗಾಜು: 76. ಕಂಪನಿಯಿಂದ ಬರುವಾಗಲೇ ಗಾಜಿಗೆ ನಸು ಹಸಿರು ಇರುತ್ತದಲ್ಲ, ಅದರ ಪಾಲು ಅದು. ಈಗ 70ರ ಫಿಲ್ಮಿನ ಒಂದು ತುಂಡನ್ನು ಒತ್ತಿಹಿಡಿದು ಮತ್ತೆ ಅಳೆದರೆ: 53. ನೂರರಲ್ಲಿ ಎಪ್ಪತ್ತಾರು ಒಳಬಂದ ಬೆಳಕಿನಲ್ಲಿ ಮತ್ತೆ ನೂರಕ್ಕೆ ಎಪ್ಪತ್ತು ಭಾಗವಷ್ಟೇ ದಾಟುತ್ತದೆ. ಪಕ್ಕದ ಗಾಜಿಗೆ ಇದು ಸಾಕು, ಐವತ್ತರ ಗೆರೆಯ ಮೇಲಿದೆ. ಹಿಂದಿನ ಗಾಜಿನದು ಬರಿದಾಗಿ 80. ಅದಕ್ಕೆ 90ರ ಫಿಲ್ಮು ಹಾಕಿದರೆ 72ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಗಾಢವಾದದ್ದು ಬೇಡ. ಮೀಟರು ಇಲ್ಲದ ಅಂಗಡಿಗೆ ಗಾಡಿ ಕೊಡಬಾರದೆಂದೇ ನನ್ನ ಅಭಿಪ್ರಾಯ.

ಕಪ್ಪಾದಷ್ಟೂ ತಂಪು ಎಂಬ ನಂಬಿಕೆಯನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ನಮ್ಮನ್ನು ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳದು, ಉಳಿದದ್ದರಲ್ಲಿ ಬಹುಪಾಲು ಕಾಣುವ ಬೆಳಕು, ಅಲ್ಟ್ರಾವಯಲೆಟ್ ಪಾಲು ಬಹಳ ಕಡಿಮೆ. ಬರೀ ಬಣ್ಣದ ಫಿಲ್ಮು ಬೆಳಕನ್ನು ಹೀರಿ ತಾನೇ ಕಾಯುತ್ತದೆ. ಸೆರಾಮಿಕ್ ಫಿಲ್ಮು ತಿಳಿಯಾಗಿದ್ದುಕೊಂಡೇ ಇನ್‌ಫ್ರಾರೆಡ್‌ನ ದೊಡ್ಡ ಪಾಲನ್ನು ತಡೆಯುತ್ತದೆ. ಕೌಂಟರಿನ ಮೇಲೆ ಕೆಂಪು ಬಲ್ಬಿನ ಡಬ್ಬಿಯಿಟ್ಟು "ಕೈ ಇಡಿ ಸಾರ್, ನೋಡಿ ಹೇಗೆ ತಣ್ಣಗಿದೆ" ಎನ್ನುವುದುಂಟಲ್ಲ, ಆ ಬಲ್ಬು ಬಹುಮಟ್ಟಿಗೆ ಇನ್‌ಫ್ರಾರೆಡ್ಡನ್ನೇ ಉಗುಳುವಂಥದು. ಆ ತಣ್ಣಗಿನದೇ ರಾಯಚೂರಿನ ಬಿಸಿಲಲ್ಲೂ ಸಿಗುತ್ತದೆಂದು ತಿಳಿಯಬಾರದು. ಕೇಳಬೇಕಾದ ಅಂಕಿ ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲು ತಡೆಯುತ್ತದೆ ಎಂಬುದು. ಒಳ್ಳೆಯ ಕಂಪನಿಗಳ ಕೈಪಿಡಿಯಲ್ಲಿ ಅದು ಟಿಎಸ್‌ಇಆರ್ ಎಂಬ ಹೆಸರಲ್ಲಿರುತ್ತದೆ. ಲೋಹದ ಪದರವಿರುವ ಫಿಲ್ಮು ಶಾಖ ತಡೆದರೂ ರೇಡಿಯೊ ಅಲೆಗಳಿಗೂ ಅಡ್ಡವಾಗುತ್ತದೆ. ಮುಂದಿನ ಗಾಜಿಗೆ ಅದನ್ನು ಹಾಕಿಸಿಕೊಂಡವರ ಫಾಸ್ಟ್ಯಾಗ್ ಟೋಲಿನಲ್ಲಿ ಕೈಕೊಡಬಹುದು. ಈ ಗಾಡಿಯ ಮುಂದಿನ ಗಾಜಿಗೆ ಏನನ್ನೂ ಹಾಕುವುದು ಬೇಡವೆಂದು ತೀರ್ಮಾನವಾಗುತ್ತದೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಮಾಡಿದ ಗಾಜು ಅದು, ಅಲ್ಟ್ರಾವಯಲೆಟ್ಟನ್ನು ಈಗಾಗಲೇ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತಿದೆ. ಮೇಲಾಗಿ ಫಿಲ್ಮು ಹಾಕಲೆಂದು ಅಂಟಿಸಿದ ಫಾಸ್ಟ್ಯಾಗ್ ಕಿತ್ತರೆ ಅದು ಹಾಳಾಗುತ್ತದೆ, ಮತ್ತೆ ಹೊಸದು ತರಿಸಬೇಕು.

ಇನ್ನು ಕೆಲಸ. ಫ್ಯಾನು ಬಂದ್, ಕಾರಿನ ಎಸಿ ಬಂದ್. ಗಾಳಿ ಅಲುಗಿದರೆ ಧೂಳೂ ಅಲುಗುತ್ತದೆ. ಬಾಗಿಲಿನ ಪ್ಯಾಡಿಗೆ, ಪವರ್ ವಿಂಡೊ ಸ್ವಿಚ್ಚಿಗೆ ಟವೆಲು ಮುಚ್ಚುತ್ತಾರೆ. ನೀರು ಇಳಿದರೆ ಸ್ವಿಚ್ಚು ಹೋಯಿತು. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಒಂದೆರಡು ಹನಿ ಬೇಬಿ ಶಾಂಪೂ. ಗಾಜನ್ನು ಒಮ್ಮೆ ತೊಳೆದು, ಎರಡನೇ ಸಲ ತೊಳೆದು, ಮೂರನೇ ಸಲ ಮೂಲೆಗಳನ್ನಷ್ಟೇ ತೊಳೆಯುತ್ತಾರೆ. ಗಾಜು ಜಾರುವ ಹಾದಿಗೆ ಹಾಕಿರುವ ಫೆಲ್ಟ್ ಬಟ್ಟೆಯಿಂದ ನಾರು ಉದುರದಂತೆ ಅದರ ಮೇಲೆ ಟೇಪು. ಫಿಲ್ಮಿನ ಕೆಳಗೆ ಕಾಣುವ ಕಸ ರಸ್ತೆಯಿಂದ ಬಂದದ್ದೆಂದು ನಾವು ತಿಳಿಯುತ್ತೇವೆ, ಎಷ್ಟೋ ಸಲ ಅದು ಗಾಡಿಯದೇ ಫೆಲ್ಟಿನ ನಾರು. ಈ ಟೇಪು ಹಚ್ಚುವ ಫಿಟ್ಟರ್ ಸಿಕ್ಕರೆ ಅರ್ಧ ನಿಶ್ಚಿಂತೆ.

ಪಕ್ಕದ ಗಾಜಿನ ಪೀಸುಗಳು ಕಂಪ್ಯೂಟರ್ ಕಟಿಂಗ್ ಯಂತ್ರದಿಂದ ಬಂದಿವೆ. ಯಂತ್ರವಿಲ್ಲದ ಕಡೆ ಗಾಜಿನ ಹೊರಮೈ ಮೇಲೇ ಫಿಲ್ಮು ಹರಡಿ ಬ್ಲೇಡಿನಿಂದ ಕತ್ತರಿಸುತ್ತಾರೆ. ಪಳಗಿದ ಕೈಯಾದರೆ ಬ್ಲೇಡು ಗಾಜನ್ನು ಗೀರುವುದಿಲ್ಲ. ಪಳಗದ ಕೈ ಒತ್ತಿದರೆ ಅಂಚಿನಗುಂಟ ಕೂದಲೆಳೆಯಂಥ ಗೀರು ಶಾಶ್ವತವಾಗಿ ಉಳಿಯುತ್ತದೆ. ಹಿಂದಿನ ಗಾಜಿನದೇ ನಿಜವಾದ ಪರೀಕ್ಷೆ. ಅದು ಎರಡು ದಿಕ್ಕಿಗೂ ಬಾಗಿದೆ, ಫಿಲ್ಮು ಸಪಾಟು. ಹೊರಮೈಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಫಿಲ್ಮು ಹಾಸಿದಾಗ ಹೆಚ್ಚುವರಿಯೆಲ್ಲ ಮೇಲೆ ಕೆಳಗೆ ಸೀರೆಯ ನೆರಿಗೆಯಂತೆ ನಿಲ್ಲುತ್ತದೆ. ಫಿಲ್ಮು ಮುಖ್ಯವಾಗಿ ರೋಲು ಬಿಚ್ಚಿಕೊಳ್ಳುವ ದಿಕ್ಕಿಗೇ ಕುಗ್ಗುತ್ತದೆ, ಅದನ್ನು ನೋಡಿಕೊಂಡೇ ನೆರಿಗೆ ನಿಲ್ಲಿಸಬೇಕು. ಆಮೇಲೆ ಹೀಟ್ ಗನ್. ಒಂದು ಕೈಯಲ್ಲಿ ಗನ್ ಆಡುತ್ತಲೇ ಇದೆ, ಇನ್ನೊಂದು ಕೈಯ ಪಟ್ಟಿ ಬಿಸಿಯ ಬೆನ್ನಿಗೇ ಓಡುತ್ತಿದೆ. ನೆರಿಗೆ ಕಣ್ಣೆದುರೇ ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಗಾಜಿಗೆ ಒರಗಿಬಿಡುತ್ತದೆ. ಒಂದೇ ಕಡೆ ಎರಡು ಕ್ಷಣ ಹೆಚ್ಚು ನಿಂತರೆ ಫಿಲ್ಮು ಸುಟ್ಟು ಮುದುಡುತ್ತದೆ. ಬಿಸಿ ಕಡಿಮೆಯಾದರೆ ನೆರಿಗೆ ಉಳಿದು ಮುಂದೆ ಗುಳ್ಳೆಯಾಗುತ್ತದೆ. ಹಳೆ ಫಿಲ್ಮಿಗೆ ಜಾಯಿಂಟು ಹಾಕಿದವರು ತಪ್ಪಿಸಿಕೊಂಡದ್ದು ಈ ಕೆಲಸವನ್ನೇ.

ಫಿಲ್ಮಿನ ಅಂಟನ್ನು ಮುಚ್ಚಿದ ಹಾಳೆ ಬಿಡಿಸುವಾಗ ಹುಡುಗ ಪಕ್ಕದಲ್ಲೇ ನಿಂತು ಅಂಟಿನ ಮೇಲೆ ನೀರು ಹೊಡೆಯುತ್ತಲೇ ಇರುತ್ತಾನೆ. ಫಿಟ್ಟರ್ ಬೆರಳ ತುದಿಗಳೂ ಒದ್ದೆ. ಒಣ ಬೆರಳು ತಾಗಿದರೆ ಅದರ ಗುರುತು ಅಂಟಿನಲ್ಲಿ ಅಚ್ಚಾಗಿ ನಿಲ್ಲುತ್ತದೆ. ಬಾಗಿಲಿನ ಗಾಜನ್ನು ಸ್ವಲ್ಪ ಇಳಿಸಿ ಮೊದಲು ಮೇಲಿನ ಅಂಚು ಕೂರಿಸಿ, ಸ್ಕ್ವೀಜಿಯಿಂದ ನೀರು ಹೊರಹಾಕಿ, ಗಾಜು ಏರಿಸಿ, ಕೆಳಗಿನ ತುದಿಯನ್ನು ರಬ್ಬರ್ ಬೀಡಿಂಗಿನ ಒಳಕ್ಕೆ ತಳ್ಳುತ್ತಾರೆ. ಸ್ಕ್ವೀಜಿ ನಡುವಿನಿಂದ ಅಂಚಿಗೆ, ಒಂದು ಗೆರೆಯ ಮೇಲೆ ಅರ್ಧ ಗೆರೆ ಏರುವ ಹಾಗೆ.

ಮಧ್ಯಾಹ್ನ ಮೂರರ ಸುಮಾರಿಗೆ ಗಾಡಿ ಪರದೆಯಾಚೆ ಬಂದು ಬಿಸಿಲಲ್ಲಿ ನಿಲ್ಲುತ್ತದೆ. ಎಲ್ಲರೂ ಮಾಡುವಂತೆ ಮಾಲೀಕರೂ ಎರಡು ಹೆಜ್ಜೆ ಹಿಂದೆ ನಿಂತು ಒಟ್ಟಾರೆ ನೋಡುತ್ತಾರೆ. ದೂರದಿಂದ ಎಲ್ಲ ಕೆಲಸವೂ ಚೆನ್ನ. ಒಳಗೆ ಸೀಟಿನಲ್ಲಿ ಕೂತು, ಹೊರಗಿನ ಬೆಳಕಿಗೆ ಮುಖ ಮಾಡಿ ನೋಡಬೇಕು.

ನಾನು ಮೊದಲು ಗಾಜನ್ನು ಒಂದು ಇಂಚು ಇಳಿಸಿಸುತ್ತೇನೆ. ಮೇಲಿನ ಅಂಚು ಬೆತ್ತಲಾಗುತ್ತದೆ. ಫಿಲ್ಮು ಗಾಜಿನ ತುದಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ನಿಂತಿರುತ್ತದೆ, ಅದು ತಪ್ಪಲ್ಲ. ಅಂಚಿಗೆ ಪೂರ್ತಿ ತಾಗಿದರೆ ಗಾಜು ಏರಿ ಇಳಿಯುವಾಗ ರಬ್ಬರಿಗೆ ಸಿಕ್ಕಿ ಕಿತ್ತುಬರುತ್ತದೆ. ಆ ಅಂತರ ಆ ತುದಿಯಿಂದ ಈ ತುದಿವರೆಗೆ ಒಂದೇ ಸಮ ಇದೆಯೇ, ಹಲ್ಲುಹಲ್ಲಾಗಿದೆಯೇ, ಎಡ ಬಾಗಿಲಿನದಕ್ಕೂ ಬಲ ಬಾಗಿಲಿನದಕ್ಕೂ ಹೊಂದುತ್ತದೆಯೇ? ಮೂಲೆಗಳನ್ನು ಸ್ವಲ್ಪ ದುಂಡಗೆ ಕತ್ತರಿಸಿರಬೇಕು. ಚೂಪಾದ ಮೂಲೆ ಮೊದಲು ಏಳುತ್ತದೆ. ಕೆಳಗೆ ಬೀಡಿಂಗಿನ ಬಳಿ ಅಂತರವೇ ಇರಬಾರದು. ತಿಳಿ ಫಿಲ್ಮಿನಲ್ಲಿ ಇವು ಸುಲಭಕ್ಕೆ ಕಾಣುವುದಿಲ್ಲ, ಹಾಗಾಗಿಯೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ಒಬ್ಬ ಫಿಟ್ಟರ್ ಎಷ್ಟು ತಾಳ್ಮೆಯವನೆಂದು ನಡುಗಾಜು ಹೇಳದು, ಅಂಚು ಹೇಳುತ್ತದೆ.

ಧೂಳಿನ ಕಣ ಒಂದೂ ಇಲ್ಲದ ಕೆಲಸವನ್ನು ಕೇಳುವುದು ನ್ಯಾಯವಲ್ಲ. ಕೈಯಲ್ಲಿ ಮಾಡುವ ಒದ್ದೆ ಕೆಲಸ, ಸೂಜಿಮೊನೆಯಷ್ಟು ಒಂದೆರಡು ಉಳಿಯುತ್ತವೆ. ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ ಎನ್ನುವುದು ಮುಖ್ಯ. ಓಡಿಸುವವರ ಕಣ್ಣಿನಿಂದ ಪಕ್ಕದ ಕನ್ನಡಿಗೆ ಹೋಗುವ ದಾರಿಯಲ್ಲಿ ಒಂದೂ ಇರಬಾರದು. ಕಣಗಳು ಒಂದೇ ಕಡೆ ಗುಂಪಾಗಿದ್ದರೆ ಆ ಮೂಲೆ ತೊಳೆಯುವಾಗ ಅವಸರವಾಗಿದೆ ಎಂದರ್ಥ. ಧೂಳಿಗೂ ನೀರಿಗೂ ವ್ಯತ್ಯಾಸ ತಿಳಿದಿರಲಿ. ನೀರಿನ ಪಸೆ ಮಸುಕಾಗಿ, ಹಾಲು ಬೆರೆತಂತೆ ಕಾಣುತ್ತದೆ; ಸಣ್ಣ ನೀರುಗುಳ್ಳೆ ಬೆರಳಲ್ಲಿ ಮೆಲ್ಲನೆ ಒತ್ತಿದರೆ ಸರಿಯುತ್ತದೆ, ಕಣ ಸರಿಯುವುದಿಲ್ಲ. ನೀರು ತಾನಾಗಿ ಆರುತ್ತದೆ. ಮಡಿಕೆ ಬಿದ್ದ ಗೆರೆ, ಉಳಿದ ನೆರಿಗೆ, ಕಣ ಇವು ಯಾವ ಬಿಸಿಲಿಗೂ ಹೋಗವು. "ಒಣಗಿದ್ ಮೇಲೆ ಸರಿಹೋಗುತ್ತೆ ಸಾರ್" ಎಂಬ ಮಾತನ್ನು ನೀರಿಗೆ ಮಾತ್ರ ಒಪ್ಪಬೇಕು.

ಹಿಂದಿನ ಗಾಜಿನ ಮೇಲ್ತುದಿಯಲ್ಲಿ ಕಪ್ಪು ಚುಕ್ಕಿಗಳ ಪಟ್ಟಿಯಿದೆ. ಚುಕ್ಕಿಗಳು ಗಾಜಿನ ಮಟ್ಟಕ್ಕಿಂತ ಉಬ್ಬಿರುವುದರಿಂದ ಫಿಲ್ಮು ಅಲ್ಲಿ ಪೂರ್ತಿ ಕೂರದೆ ಬಿಳಿಚಿಕೊಂಡಂತೆ ಕಾಣುತ್ತದೆ. ಮಾಲೀಕರ ಬೆರಳು ಅಲ್ಲಿಗೇ ಹೋಗುತ್ತದೆ. "ಇದೇನ್ರಿ ಇಲ್ಲಿ ಬೆಳ್ಳಗ?" ಫಿಟ್ಟರ್ ಅದನ್ನು ವಿವರಿಸುತ್ತಾರೆ. ಇದು ಅವರ ಕೈಯ ತಪ್ಪಲ್ಲ, ಎಲ್ಲ ಗಾಡಿಗಳಲ್ಲೂ ಇರುವುದೇ. ಆದರೆ ಮಾಲೀಕರು ಮುಂದೆ ಹೋಗಿ ಬಲಗಡೆ ಹಿಂಬಾಗಿಲಿನ ತ್ರಿಕೋನ ಗಾಜಿನ ಹತ್ತಿರ ಮತ್ತೆ ನಿಲ್ಲುತ್ತಾರೆ. ಅಲ್ಲಿ ರಬ್ಬರಿನ ಪಕ್ಕ ಅಕ್ಕಿಕಾಳಿನ ಉದ್ದದ ಒಂದು ಮಡಿಕೆ. ಫಿಟ್ಟರ್ ಟಾರ್ಚು ತಂದು ಓರೆಯಾಗಿ ಹಿಡಿಯುತ್ತಾರೆ. ಮಡಿಕೆಯೇ, ನೀರಲ್ಲ.

"ಬೇರೆ ಹಾಕ್ತೀನಿ ಸಾರ್" ಎಂದಷ್ಟೇ ಹೇಳಿ ಹುಡುಗನಿಗೆ ಪೀಸು ಕತ್ತರಿಸಲು ಸನ್ನೆ ಮಾಡುತ್ತಾರೆ. ವಾದವಿಲ್ಲ, ಮುಖ ಸಿಂಡರಿಸುವುದೂ ಇಲ್ಲ. ಅಂಗೈ ಅಗಲದ ಆ ಗಾಜಿಗಾಗಿ ಟವೆಲು, ಟೇಪು, ಶಾಂಪೂ ನೀರು ಎಲ್ಲವೂ ಮತ್ತೆ ಹೊರಬರುತ್ತವೆ. ಅಂಗಡಿ ಒಳ್ಳೆಯದೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಗಳಿಗೆಯನ್ನೇ.

ಮತ್ತೆ ಡಿಫಾಗರ್ ಹಾಕಿ, ಗಾಜು ಮುಟ್ಟಿಸಿ, ನಾಲ್ಕೂ ಕಿಟಕಿಯ ಸ್ವಿಚ್ಚುಗಳ ಮೇಲೆ ಟೇಪು ಅಂಟಿಸುತ್ತಾರೆ. ಮರೆತು ಯಾರೂ ಇಳಿಸಬಾರದು. "ಮೂರು ನಾಕ್ ದಿನ ಗ್ಲಾಸ್ ಇಳಿಸ್ಬೇಡಿ. ಅಮೋನಿಯಾ ಇರೋ ಕ್ಲೀನರ್ ಯಾವತ್ತೂ ಬೇಡ, ಮೆತ್ತನೆ ಬಟ್ಟೆ, ಬರೀ ನೀರು ಸಾಕು. ಇಲ್ಲಿ ಮಳೆ ಮೋಡಕ್ಕೆ ಆರೋದು ತಡ, ನಿಮ್ಮೂರ ಬಿಸಿಲಿಗೆ ಬೇಗ ಆರುತ್ತೆ."

"ಅದೊಂದು ಉಪಕಾರ ಐತ್ರಿ ನಮ್ಮ ಬಿಸಿಲಿಂದ" ಎಂದು ಮಾಲೀಕರು ನಗುತ್ತಾರೆ. ಬಿಲ್ಲಿನಲ್ಲಿ ಫಿಲ್ಮಿನ ಹೆಸರು, ಬೆಳಕಿನ ಪ್ರಮಾಣ, ರೋಲಿನ ನಂಬರು ಬರೆಸಿಕೊಳ್ಳುತ್ತಾರೆ. ವಾರಂಟಿ ಕಾರ್ಡಿನಲ್ಲಿ ಬಣ್ಣ ಮಾಸುವುದು, ಗುಳ್ಳೆ ಏಳುವುದು, ಅಂಚು ಬಿಡುವುದು ಮೂರೂ ಇವೆಯೇ ಎಂದು ಓದಿ ನೋಡುತ್ತಾರೆ. ಫಿಟ್ಟರ್ ತಮ್ಮ ಮೊಬೈಲ್ ನಂಬರನ್ನು ಕಾರ್ಡಿನ ಹಿಂದೆ ಬರೆದುಕೊಟ್ಟು, ಇವತ್ತು ರಾತ್ರಿ ಊರ ದಾರಿಯಲ್ಲಿ ಹಿಂದಿನ ಗಾಡಿಯ ಲೈಟು ಬಿದ್ದಾಗ ಕನ್ನಡಿಯಲ್ಲಿ ನೋಡಲು ಹೇಳುತ್ತಾರೆ: ಸ್ವಲ್ಪ ಮಸುಕು ಇದ್ದರೆ ಅದು ನೀರು, ಲೈಟು ಎರಡಾಗಿ ಕಂಡರೆ ಫೋನ್ ಮಾಡಬೇಕು. "ಹದಿನೈದು ದಿನ ಬಿಟ್ಟು ಬಿಸಿಲಲ್ಲಿ ನಿಲ್ಸಿ, ಒಳಗಿಂದ ಅಂಚಿನ ಫೋಟೊ ತೆಗೆದು ಕಳ್ಸಿ ಸಾರ್. ಮಧ್ಯದ್ದು ಬೇಡ, ನಾಕೂ ಮೂಲೆದು."